ಕದ ತಟ್ಟುವ ದೃಶ್ಯ

ಎಗೈಲಾ ಬಡಾವಣೆಯ ಹೊಸ ಮನೆಗೆ ಬಂದು ಪೆಟ್ಟಿಗೆಗಳನ್ನು ಬಿಚ್ಚುವಾಗ ಹಳೇ ವಿಡಿಯೊ ಕ್ಯಾಸೆಟ್ ಒಂದು ಸಿಕ್ಕಿತು. ಮೂಗಿನ ಹತ್ತಿರ ಹಿಡಿದರೆ ಬಿಸಿಲಲ್ಲಿ ಬೆಂದ ಪ್ಲಾಸ್ಟಿಕ್ಕಿನ ಅದೇ ವಾಸನೆ. ಮಗಳು "ಥ್ರೋ ಇಟ್, ಅಮ್ಮಾ" ಎಂದು ಹೇಳಿ ಅಂಗಡಿಗೆ ಹೊರಟಳು. ಎಸೆಯಬೇಕಂತೆ! ಅವಳಿಗೇನು ಗೊತ್ತು...

ತೊಂಬತ್ತರ ದಶಕದಲ್ಲಿ ನಾವು ಇದೇ ಮರಳುನಾಡಿನ ಖೈತಾನ್‌ನಲ್ಲಿದ್ದೆವು. ನಮ್ಮ ಮೇಲಿನ ಮನೆಯಲ್ಲಿ ಮಂಗಳೂರು ಕಡೆಯ ಕೊಂಕಣಿ ನರ್ಸ್ ಒಬ್ಬರು. ಇಡೀ ಬಿಲ್ಡಿಂಗಿಗೇ ಸಿಸ್ಟರ್. ಇರಾಕಿ ಸೈನ್ಯ ನುಗ್ಗಿದಾಗ, ಊರಿಗೆ ಹೊರಡಲು ಕಂಪನಿಯ ವ್ಯಾನ್ ತರುತ್ತೇನೆಂದು ಸಬ್ಹಾನ್‌ನ ಗೋದಾಮಿಗೆ ಹೋದ ಅವರ ಗಂಡ ಹಿಂತಿರುಗಲಿಲ್ಲ. ಯುದ್ಧ ಮುಗಿದ ಮೇಲೆ ಸಿಸ್ಟರ್ ಹಟ ಹಿಡಿದು ಅದೇ ಮನೆಗೇ ಬಾಡಿಗೆಗೆ ಬಂದರು. ಚರ್ಚಿನಲ್ಲಿ ಸತ್ತವರ ಪೂಜೆ ಮಾಡಿಸಿಬಿಡು ಅಂತ ಅತ್ತೆಮನೆಯವರು ಫೋನಿನಲ್ಲಿ ಪೀಡಿಸುತ್ತಿದ್ದರು. ಇವರು ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ.

ಶುಕ್ರವಾರ ರಜೆ, ನಮ್ಮ ಮನೆಯಲ್ಲಿ ಮಲಯಾಳಂ ಸಿನಿಮಾ. ಸಿಸ್ಟರ್ ಆಸ್ಪತ್ರೆಯಲ್ಲಿ ಮಲಯಾಳಂ ಕಲಿತಿದ್ದರಿಂದ ಟಿವಿಯ ಪಕ್ಕ ಕೂತು ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ಈ ಕ್ಯಾಸೆಟ್ ಅಂಗಡಿಯಿಂದ ಬಾಡಿಗೆಗೆ ತಂದ ದಿನ... ಅಬ್ಬಾ, ಏನು ಅಭಿನಯ ಅದು! ಮನೆಯ ಯಜಮಾನ ಕಾಣೆಯಾಗುತ್ತಾನೆ, ತಮ್ಮನ ಮೇಲೆ ಎಲ್ಲರಿಗೂ ಅನುಮಾನ, ಬಾವಿಯಲ್ಲಿ ಹೆಣ ಸಿಗುತ್ತದೆ. ಹೆಂಡತಿಯ ಪಾತ್ರದಾಕೆ ಬಾಯಿ ಬಿಡದೆ ಬರೀ ಕಣ್ಣಲ್ಲೇ ನಮ್ಮನ್ನು ಹೆದರಿಸಿದಳು. ಆದರೆ ಕೊನೆಯಲ್ಲಿ ಯಾರೋ ಕದ ತಟ್ಟುತ್ತಾರೆ. ತೆರೆದರೆ ಸತ್ತ ಗಂಡ! ಹಾಗಾದರೆ ಬಾವಿಯಲ್ಲಿದ್ದವನು ಯಾರು? ಇಷ್ಟು ವರ್ಷ ಇವನೆಲ್ಲಿದ್ದ? ನಿರ್ದೇಶಕನಿಗೇ ಗೊತ್ತಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಸಿಸ್ಟರ್ ಮಾತ್ರ ಬೇರೆಯೇ ತಪ್ಪು ಹಿಡಿದರು. "ಯಜಮಾನ ಯಾಕೆ ಕದ ತಟ್ಟುವುದು ಮಾರಾಯ್ರೆ? ನಮ್ಮವರ ಹತ್ರ ಕೀ ಉಂಟು. ಅವರು ತೆಗೆದು ಒಳಗೇ ಬರ್ತಾರೆ."

ಅವರು ಬೀಗ ಬದಲಿಸಿಲ್ಲ, ಒಳಗಿನ ಚಿಲಕ ಹಾಕುವುದೂ ಇಲ್ಲ ಎಂದು ಆಗಲೇ ನನಗೆ ಹೊಳೆದದ್ದು. ಒಂಟಿ ಹೆಂಗಸು, ಅಂಥ ಕಾಲ... ಅಂಗಡಿಯವನನ್ನು ಕಾಡಿ ಆ ಕ್ಯಾಸೆಟ್ಟನ್ನೇ ತಮ್ಮದಾಗಿಸಿಕೊಂಡರು. ಸಂಜೆ ಡ್ಯೂಟಿಯಿಂದ ಬಂದರೆ ಮೇಲೆ ಅವರ ಟಿವಿಯಲ್ಲಿ ಅದೇ ಕೊನೆಯ ದೃಶ್ಯ. ಟಕ್ ಟಕ್ ಟಕ್. ಟೇಪು ಹಿಂದಕ್ಕೆ ಸುತ್ತುವಷ್ಟು ಹೊತ್ತು ಬಿಡುವು. ಮತ್ತೆ ಟಕ್ ಟಕ್ ಟಕ್. ನಮ್ಮ ತಲೆಯ ಮೇಲೆ ಯಾರೋ ಒಳಗೆ ಬರಲಾರದೆ ನಿಂತ ಹಾಗೆ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗುತ್ತಿತ್ತು.

ಒಂದು ಮಧ್ಯಾಹ್ನ ಅವರ ಪಾತ್ರೆ ಹಿಂದಿರುಗಿಸಲು ಮೆಟ್ಟಿಲು ಹತ್ತುತ್ತಿದ್ದೆ. ಟಕ್ ಟಕ್ ಕೇಳಿಸಿತು. ಶುರುವಾಯಿತಪ್ಪಾ ಇವರ ಸಿನಿಮಾ ಅಂದುಕೊಂಡೆ. ಅಲ್ಲ. ಬಾಗಿಲ ಮುಂದೆ ಅವರ ಗಂಡನ ಕಂಪನಿಯವರೊಬ್ಬರು ಪಾದ್ರಿಯ ಜೊತೆ ನಿಂತಿದ್ದರು. ಸಿಸ್ಟರ್ ಬಾಗಿಲು ತೆರೆದರು. ಕಂಪನಿಯವರು ಕೈ ಚಾಚಿದರು. ಮರಳಿನಲ್ಲಿ ಮೂಳೆಗಳ ಜೊತೆ ಸಿಕ್ಕಿತ್ತಂತೆ... ಕಪ್ಪಾಗಿಹೋದ ಒಂದು ಕೀ.

ಸಿಸ್ಟರ್ ಅಳಲಿಲ್ಲ. ಅದನ್ನು ಸೆರಗಿನಿಂದ ಒರೆಸಿ, ಬಗ್ಗಿ, ತಮ್ಮ ಬಾಗಿಲ ಬೀಗಕ್ಕೆ ಹಾಕಿ ತಿರುಗಿಸಿದರು. ತಿರುಗಿತು.

"ಹೌದು, ನಮ್ಮವರದ್ದೇ," ಅಂದರು.

ಮುಂದಿನ ಶುಕ್ರವಾರ ನಮ್ಮಲ್ಲಿ ಸಿನಿಮಾ ಇರಲಿಲ್ಲ. ಸತ್ತವರ ಪೂಜೆಗೆ ಇಡೀ ಬಿಲ್ಡಿಂಗ್ ಚರ್ಚಿಗೆ ಹೋಯಿತು. ಸ್ವಲ್ಪ ದಿನದಲ್ಲೇ ಸಿಸ್ಟರ್ ಊರಿಗೆ ಹೊರಟರು. ಹೋಗುವಾಗ ಕ್ಯಾಸೆಟ್ ನನ್ನ ಕೈಗಿತ್ತು, "ಕೊನೆಯದ್ದು ನೋಡ್ಬೇಡಿ ಆಯ್ತಾ. ಅಲ್ಲಿವರೆಗೆ ಚಂದ ಉಂಟು," ಎಂದರು. ಅವರು ತೀರಿಕೊಂಡ ಸುದ್ದಿ ತಿಳಿದದ್ದು ತುಂಬ ತಡವಾಗಿ.

ಹೀಗೆ ಕ್ಯಾಸೆಟ್ ಹಿಡಿದು ಕೂತಿದ್ದಾಗಲೇ ನಮ್ಮ ಬಾಗಿಲು ಟಕ್ ಟಕ್ ಎಂದಿತು. ಹೊರಗೆ ಹೋದವಳು ಮಗಳೊಬ್ಬಳೇ. ಅವಳ ಹತ್ತಿರ ಕೀ ಇದೆ. ಕ್ಯಾಸೆಟ್ಟನ್ನು ಮಡಿಲಲ್ಲಿ ಒತ್ತಿ ಹಿಡಿದು ಕೂತೇ ಇದ್ದೆ. ಮತ್ತೆ ತಟ್ಟಿದರು.

"ಅಮ್ಮಾ, ಓಪನ್ ಮಾಡು. ಇಟ್ಸ್ ಓನ್ಲಿ ಮೀ."

ಎರಡು ಕೈಯಲ್ಲೂ ಚೀಲ ಹಿಡಿದು ನಿಂತಿದ್ದಳು. ಬಾಗಿಲು ತೆರೆದವಳೇ ಅವಳ ಮೇಲೆ ಹರಿಹಾಯ್ದೆ. "ಕೀ ಇದೆಯಲ್ಲ ನಿನ್ನ ಹತ್ರ? ಇನ್ಮೇಲೆ ಈ ಮನೆ ಬಾಗಿಲು ತಟ್ಟಬೇಡ."

ಅವಳು ಚೀಲ ಕೆಳಗಿಟ್ಟು, ನಾನು ಯಾಕೆ ಅಳುತ್ತಿದ್ದೇನೆಂದು ತಿಳಿಯದೆ ನನ್ನ ಮುಖವನ್ನೇ ನೋಡಿದಳು.