ಬಣ್ಣದಣ್ಣನ ಒಂದು ಚೀಟಿ

ನಮ್ಮ ನಿಘಂಟು ಕಚೇರಿಯಲ್ಲಿ ಎಷ್ಟೇ ಸೆಖೆಯಿದ್ದರೂ ಫ್ಯಾನು ಹಾಕುವಂತಿರಲಿಲ್ಲ. ಏಳು ಮೇಜುಗಳ ಮೇಲೂ, ಮೇಜು ಸಾಲದೆ ನೆಲದ ಮೇಲೂ ಅಂಗೈಯಗಲದ ಚೀಟಿಗಳು ಗುಡ್ಡೆಗುಡ್ಡೆಯಾಗಿ ಹರಡಿರುತ್ತಿದ್ದವು. ಒಂದು ಇಂಗ್ಲಿಷ್ ಪದ ಎಷ್ಟು ಬಗೆಯಾಗಿ ಬಳಕೆಯಾಗಿದೆಯೆಂಬುದನ್ನು ವಾಕ್ಯಕ್ಕೊಂದು ಚೀಟಿಯಂತೆ ಬರೆದು, ಒಂದೇ ಅರ್ಥದವನ್ನು ಒಂದೇ ಗುಡ್ಡೆಗೆ ಸೇರಿಸಿ, ಗುಡ್ಡೆಗೊಂದು ನಮ್ಮ ಮಾತನ್ನು ಹುಡುಕುವುದು ಅಲ್ಲಿನ ಕೆಲಸ. ವಾಕ್ಯ ಎಲ್ಲಿಂದ ಬಂತೆಂಬುದನ್ನು ಚೀಟಿಯ ಅಡಿಯಲ್ಲಿ ಬರೆಯಲೇಬೇಕು. ಪುಸ್ತಕದ್ದಾದರೆ ಅದರ ಹೆಸರು ಮತ್ತು ಪುಟ. ಬಾಯಿಮಾತಾದರೆ ಯಾರು ಹೇಳಿದ್ದು, ಯಾರಿಗೆ, ಎಲ್ಲಿ, ಯಾವಾಗ. ಇಷ್ಟಿಲ್ಲದ ಚೀಟಿಗೆ ಕಸದ ಬುಟ್ಟಿಯೇ ಗತಿ.

ಕಿಟಕಿಯ ಪಕ್ಕದ ಮೇಜು ಬಣ್ಣದಣ್ಣನವರದು. ಹರೆಯದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಆರು ವರ್ಷ ದುಡಿದಿದ್ದರಿಂದ ಆ ಹೆಸರು. ಕೈಗಂಟಿದ ಬಣ್ಣ ಹೋಗಿ ಮೂವತ್ತು ವರ್ಷವಾಗಿದ್ದರೂ ಹೆಸರು ಹೋಗಿರಲಿಲ್ಲ. ಅಲ್ಲಿನ ಕೆಲಸ ಏಕೆ ಬಿಟ್ಟಿರೆಂದು ಯಾರಾದರೂ ಕೇಳಿದರೆ, "ಬಣ್ಣ ಅಂದ ಮೇಲೆ ಬಿಡದೇ ಇರುತ್ತಾ?" ಎಂದು ನಕ್ಕು ಚೀಟಿಗಳತ್ತ ತಿರುಗಿಬಿಡುತ್ತಿದ್ದರು. ಅದಕ್ಕಿಂತ ಹೆಚ್ಚನ್ನು ಅವರ ಬಾಯಿಂದ ಯಾರೂ ಹೊರಡಿಸಿರಲಿಲ್ಲ.

ಕಚೇರಿಗೆ ಅವರು ಬಂದದ್ದು ಅಂಟು ಕಾಯಿಸುವವರಾಗಿ. ಮೈದಾ ಹಿಟ್ಟನ್ನು ಗಂಟಾಗದಂತೆ ಕದಡಿ, ಕಾಯಿಸಿ, ಚೀಟಿ ಅಂಟಿಸುವವರಿಗೆ ಕೊಡುವುದಷ್ಟೇ ಆಗ ಅವರ ಕೆಲಸ. ಸಂಜೆಶಾಲೆಯಲ್ಲಿ ಅವರೂ ನಾನೂ ಒಂದೇ ತರಗತಿ. ಐದು ವರ್ಷದಲ್ಲಿ ಒಂದು ಸಂಜೆಯೂ ಅವರು ತಪ್ಪಿಸಿಕೊಂಡದ್ದನ್ನು ನಾನು ಕಾಣೆ. ಪರೀಕ್ಷೆ ಪಾಸಾದ ಮೇಲೆ ಸಂಪಾದಕಿ ಮೇಡಂ ಅವರನ್ನು ಮೇಜಿಗೆ ಕೂರಿಸಿ, ಯಾರಿಗೂ ಬೇಡವಾಗಿದ್ದ ಪದವೊಂದನ್ನು ಒಪ್ಪಿಸಿದರು. ಆ ಪದ ರನ್.

ಇಂಗ್ಲಿಷಿನ ಮೂರಕ್ಷರದ ಆ ಪದಕ್ಕೆ ಎರಡು ಸಾವಿರದ ಮುನ್ನೂರ ಹನ್ನೆರಡು ಚೀಟಿ, ಎಂಬತ್ತೇಳು ಗುಡ್ಡೆ, ಹದಿನಾಲ್ಕು ವರ್ಷ. ಇಂಗ್ಲಿಷಿನಲ್ಲಿ ಎಲ್ಲವೂ ಓಡುತ್ತದೆ. ನಮ್ಮಲ್ಲಿ ಮನುಷ್ಯ ಓಡುತ್ತಾನೆ, ನೀರು ಹರಿಯುತ್ತದೆ, ಮೂಗು ಸೋರುತ್ತದೆ, ಯಂತ್ರ ನಡೆಯುತ್ತದೆ, ರಸ್ತೆ ಹಾದುಹೋಗುತ್ತದೆ, ಹೆಂಗಸು ಮನೆ ನಡೆಸುತ್ತಾಳೆ. ಒಂದೊಂದಕ್ಕೂ ಸರಿಯಾದ ಮಾತು ಸಿಕ್ಕ ದಿನ ಬಣ್ಣದಣ್ಣ ಪೆನ್ನು ಕೆಳಗಿಟ್ಟು ಇಡೀ ಕೋಣೆಗೆ ಸಾರುತ್ತಿದ್ದರು.

"ಕೇಳಿ ಇಲ್ಲಿ! ಚುನಾವಣೆಗೆ ಅವರು ಓಡ್ತಾರೆ, ನಮ್ಮೋರು ನಿಲ್ತಾರೆ."

"ಗೆದ್ದ ಮೇಲೆ?" ಎಂದು ಸಹಸಂಪಾದಕರು ಕೆಣಕುತ್ತಿದ್ದರು.

"ಗೆದ್ದ ಮೇಲೆ ಇಬ್ಬರೂ ಕೂತ್ಕೋತಾರೆ. ಅದಕ್ಕೆ ಬೇರೆ ಚೀಟಿ ಬೇಡ."

ಆ ಪದವಿದ್ದ ನಿಘಂಟಿನ ಸಂಪುಟ ಅಚ್ಚಾದೊಡನೆ ಅವರ ನಿವೃತ್ತಿ. ಮೊದಲ ಪುಟದಲ್ಲಿ, ಪದಗಳನ್ನು ಸಿದ್ಧಪಡಿಸಿದವರ ಪಟ್ಟಿಯಲ್ಲಿ, ಅವರ ಹೆಸರು ಬರಬೇಕಾಗಿತ್ತು. ಹೆಬ್ಬೆಟ್ಟೊತ್ತಿದವರ ಮನೆತನದಲ್ಲಿ ಅಚ್ಚಿನ ಮುಖ ಕಾಣುವ ಮೊದಲ ಹೆಸರು ಅದು. ಕರಡು ಪುಟ ಬಂದಾಗ ಅವರು ಕೈ ಒರೆಸಿಕೊಂಡು ಅದನ್ನು ಹಿಡಿದು ನೋಡಿದರು. ಅದರದೊಂದು ನಕಲನ್ನು ಮಗಳಿಗೆಂದು ಕೇಳಿ ಪಡೆದು, ಮಡಿಸದೆ, ಎರಡು ರಟ್ಟಿನ ನಡುವೆ ಇಟ್ಟುಕೊಂಡು ಹೋದರು.

ಅಚ್ಚಿಗೆ ಹೋಗುವ ಮುನ್ನ ಗುಡ್ಡೆಗೊಂದು ಚೀಟಿಯಂತೆ ತೆಗೆದು ಮೂಲದೊಡನೆ ತಾಳೆ ನೋಡುವುದು ನನ್ನ ಪಾಲಿನ ಕೆಲಸ. ಅರವತ್ತೊಂದನೆಯ ಗುಡ್ಡೆಯಲ್ಲಿ ಇದ್ದದ್ದೇ ಒಂದು ಚೀಟಿ. ಒಗೆದ ಬಟ್ಟೆಯ ಬಣ್ಣ ಬಿಡುವ ಅರ್ಥ. ಮೂಲವೆಂದು ಬಣ್ಣ ಕಟ್ಟುವ ಕೈಪಿಡಿಯೊಂದರ ಹೆಸರಿತ್ತು, ಪುಟ ನಲವತ್ತೆರಡು. ಮೂರು ಗ್ರಂಥಾಲಯ ಅಲೆದೆ. ಅಂಥ ಪುಸ್ತಕ ಯಾವ ಪಟ್ಟಿಯಲ್ಲೂ ಇರಲಿಲ್ಲ.

"ಅಕ್ಕಾ, ಗೆದ್ದಲು ತಿಂದಿರುತ್ತೆ. ಪ್ರತಿ ಸಿಕ್ಕಿಲ್ಲ ಅಂತ ಬರೆದು ಸಾಗಹಾಕಿ," ಎಂದರು ಸಹಸಂಪಾದಕರು. ಹಾಗೆ ಬರೆಯುವುದು ನಿಯಮಕ್ಕೆ ಹೊರತೇನೂ ಅಲ್ಲ. ಆದರೂ ಬರೆಯುವ ಮುನ್ನ ಒಂದು ಮಾತು ಕೇಳೋಣವೆಂದು ಬಣ್ಣದಣ್ಣನವರ ಮೇಜಿಗೆ ಹೋದೆ.

"ಈ ಪುಸ್ತಕ ಎಲ್ಲಿ ನೋಡಿದ್ರಿ, ಅಣ್ಣಾ?"

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಒರೆಸುವಷ್ಟು ಕೊಳೆ ಅದರಲ್ಲಿರಲಿಲ್ಲ.

"ನೋಡಿಲ್ಲ ತಂಗಿ. ಅಂಥ ಪುಸ್ತಕ ಇಲ್ಲ. ಹೆಸರು ನಾನೇ ಕಟ್ಟಿದ್ದು."

ಒಂದು ಅಲ್ಪವಿರಾಮ ಸ್ಥಾನ ತಪ್ಪಿದರೆ ಚೀಟಿಯನ್ನೇ ಹೊಸದಾಗಿ ಬರೆಯುತ್ತಿದ್ದ ಮನುಷ್ಯ ಅವರು.

"ಯಾಕೆ?"

"ಯಾಕೆ ಅನ್ನೋದು ಇರಲಿ. ನಾಳೆ ಮೇಡಂಗೆ ನಾನೇ ಹೇಳ್ತೀನಿ. ಇವತ್ತು ಮಗಳಿಗೆ ಹೇಳಬೇಕು."

ನಾನು ಅವರನ್ನು ತಡೆಯಲೂ ಇಲ್ಲ, ಸಮಾಧಾನಪಡಿಸಲೂ ಇಲ್ಲ. ಆ ದಿನ ಅವರ ಮೇಲೆ ನನಗೆ ಬಂದ ಸಿಟ್ಟು ಸಣ್ಣದಲ್ಲ.

ಮರುದಿನ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ಅವರ ಮಗಳು ನಿಂತಿದ್ದಳು. ಆಸ್ಪತ್ರೆಯ ನರ್ಸು. ಡ್ಯೂಟಿಗೆ ಹೊರಟವಳು ಬಿಳಿ ಉಡುಪಿನಲ್ಲೇ ಬಂದಿದ್ದಳು.

"ಅತ್ತೆ, ನೀವಾದ್ರೂ ಹೇಳಿ ಅಪ್ಪಂಗೆ. ಒಂದು ಚೀಟಿ! ಅದೂ ಸುಳ್ಳು ಅರ್ಥ ಏನಲ್ವಲ್ಲ, ಬಟ್ಟೆ ಬಣ್ಣ ಬಿಡಲ್ವಾ? ಆ ಪುಟಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೀನಿ. ನನ್ನ ಗಂಡನ ಮನೆಯೋರು ಬಂದೋರಿಗೆಲ್ಲ ತೋರಿಸ್ತಾರೆ."

"ಗೋಡೆಯಿಂದ ಇಳಿಸಮ್ಮ," ಎಂದರು ಹಿಂದಿನಿಂದ ಬಂದ ಬಣ್ಣದಣ್ಣ. "ಮೊಳೆ ಹಾಗೇ ಇರಲಿ. ಕ್ಯಾಲೆಂಡರಿಗಾಗುತ್ತೆ."

"ಇಂಥ ಹೊತ್ತಲ್ಲೂ ತಮಾಷೆನಾ ಅಪ್ಪಾ ನಿನಗೆ!" ಎಂದು ಅವಳು ಅಳುತ್ತಲೇ ಬಸ್ಸಿಗೆ ಹೋದಳು.

ಮೇಡಂ ಕೋಣೆಯಲ್ಲಿ ಅವರು ಕೂರಲಿಲ್ಲ. ಚೀಟಿಯನ್ನು ಮೇಜಿನ ಮೇಲಿಟ್ಟು, ಇದರ ಮೂಲ ಸುಳ್ಳು ಎಂದರು. ಮೇಡಂ ಚೀಟಿಯನ್ನೂ ಅವರ ಮುಖವನ್ನೂ ನೋಡಿದರು.

"ಅರ್ಥ ಸರಿಯಿದೆ ತಾನೇ?"

"ಅರ್ಥ ಸರಿಯಿದೆ."

"ಹಾಗಾದ್ರೆ ಹರಿದುಹಾಕಿ. ಅಚ್ಚಿನವರು ಕಾಯ್ತಿದಾರೆ, ಬಣ್ಣದಣ್ಣ. ಒಂದು ಗುಡ್ಡೆ ಕಡಿಮೆಯಾದ್ರೆ ಆಕಾಶ ಬೀಳಲ್ಲ."

"ಒಂದು ಮಾಡಿದವನು ಹತ್ತು ಮಾಡಿಲ್ಲ ಅಂತ ನಿಮಗೆ ಹೇಗೆ ಗೊತ್ತು, ಮೇಡಂ?"

"ಮಾಡಿದೀರಾ?"

"ಇಲ್ಲ. ಆದ್ರೆ ಈ ವಿಷಯದಲ್ಲಿ ನನ್ನ ಮಾತು ಇನ್ನು ನಡೆಯಲ್ಲ. ಎಲ್ಲವನ್ನೂ ತಾಳೆ ನೋಡಿಸಿ."

ಮೇಡಂ ಅಚ್ಚಿನವರಿಗೆ ಫೋನು ಮಾಡಿ ಸಂಪುಟವನ್ನು ತಡೆಹಿಡಿಯಲು ಹೇಳಿದರು. ಫೋನು ಇಟ್ಟವರು ತಲೆಯೆತ್ತದೆಯೇ, "ಪಟ್ಟಿಯಲ್ಲಿ ನಿಮ್ಮ ಹೆಸರು ಇರೋಕಾಗಲ್ಲ," ಎಂದರು.

"ಗೊತ್ತು," ಎಂದರು ಬಣ್ಣದಣ್ಣ.

ಎರಡು ಸಾವಿರದ ಮುನ್ನೂರ ಹನ್ನೊಂದು ಚೀಟಿಗಳನ್ನು ನಾನೂ ಸಹಸಂಪಾದಕರೂ ಇನ್ನೊಬ್ಬರೂ ಸೇರಿ ಹನ್ನೊಂದು ವಾರ ತಾಳೆ ನೋಡಿದೆವು. ಗ್ರಂಥಾಲಯಗಳ ಧೂಳಿಗೆ ನನ್ನ ಗಂಟಲು ಕಟ್ಟಿತು. ಸಂಪುಟ ತಡವಾದುದಕ್ಕೆ ಬೇರೆ ಮೇಜಿನವರು ಗೊಣಗಿದರು. ಬಣ್ಣದಣ್ಣನವರಿಗೆ ತಮ್ಮ ಚೀಟಿಗಳನ್ನು ಮುಟ್ಟುವಂತಿರಲಿಲ್ಲ. ಮೊದಲ ದಿನವೇ ಅವರು ಹಿಂದಿನ ಕೋಣೆಗೆ ಹೋಗಿ, ಸ್ಟೌ ಹಚ್ಚಿ, ಅಂಟು ಕಾಯಿಸತೊಡಗಿದರು. ಹೋಗಿ ಕೂರಿ ಎಂದು ಈಗ ಆ ಕೆಲಸಕ್ಕಿದ್ದ ಹುಡುಗಿ ಎಷ್ಟು ಹೇಳಿದರೂ ಕೇಳಲಿಲ್ಲ. "ನಿನ್ನ ಅಂಟು ಗಂಟು ಗಂಟು. ನೋಡಿ ಕಲಿ," ಎಂದು ಅವಳನ್ನೇ ಗದರಿದರಂತೆ.

ಹನ್ನೆರಡನೆಯ ವಾರದ ಸೋಮವಾರ ನಾನು ವರದಿಯೊಪ್ಪಿಸಿದೆ. ಎರಡು ಚೀಟಿಗಳಲ್ಲಿ ಪುಟಸಂಖ್ಯೆ ತಪ್ಪಿತ್ತು, ಹದಿನಾಲ್ಕರ ಬದಲು ನಾಲ್ಕು, ತೊಂಬತ್ತರ ಬದಲು ಒಂಬತ್ತು. ಉಳಿದುದೆಲ್ಲವೂ ಅಕ್ಷರಕ್ಕಕ್ಷರ ಸರಿ. ಅಷ್ಟು ಶುದ್ಧವಾದ ಗುಡ್ಡೆಗಳು ಆ ಕಚೇರಿಯಲ್ಲಿ ಬೇರೆ ಯಾರವೂ ಇರಲಿಲ್ಲ, ನನ್ನವೂ ಸೇರಿದಂತೆ.

ಮೇಡಂ ಬಣ್ಣದಣ್ಣನವರನ್ನು ಕರೆಸಿದರು. ಅವರ ಕೈಯಲ್ಲಿ ಹಿಟ್ಟು ಮೆತ್ತಿತ್ತು.

"ಅರವತ್ತೊಂದನೇ ಗುಡ್ಡೆ ಖಾಲಿ ಇದೆ. ನಿಜ ಹೇಳಿ, ಆ ವಾಕ್ಯ ನೀವು ಎಲ್ಲಿ ಕೇಳಿದ್ದು?"

ಆಗ ಅವರು ಹೇಳಿದ್ದನ್ನು ಹದಿನಾಲ್ಕು ವರ್ಷ ಪಕ್ಕದಲ್ಲಿ ಕೂತ ನಾನೂ ಕೇಳಿರಲಿಲ್ಲ. ಕಾರ್ಖಾನೆಯ ಮೇಲ್ವಿಚಾರಕ ಇಂಗ್ಲೆಂಡಿನವನು. ಕೆಂಪು ಬಟ್ಟೆಯನ್ನು ಬಣ್ಣ ಕಚ್ಚಿಕೊಳ್ಳುವ ನೀರಿನಲ್ಲಿ ಎರಡು ಸಲ ಅದ್ದಬೇಕು. ಆ ದಿನ ಬಣ್ಣದಣ್ಣನವರಿಗೆ ಮನೆಗೆ ಹೋಗುವ ಆತುರ. ಒಂದೇ ಸಲ ಅದ್ದಿ, ಎರಡೂ ಆಯಿತೆಂದು ಅವನಿಗೆ ಹೇಳಿದ್ದರು. ಬೆಳಿಗ್ಗೆ ಜಾಲಾಡಿಸುವ ತೊಟ್ಟಿಯಲ್ಲಿ ಕೆಂಪೆಲ್ಲ ಬಿಳಿಯ ಅಂಚಿಗೆ ಇಳಿಯುತ್ತಿತ್ತು. ಎಲ್ಲರೆದುರಿಗೆ ಅವರ ರಟ್ಟೆ ಹಿಡಿದು ತೊಟ್ಟಿಯ ಬಳಿಗೆ ಎಳೆದೊಯ್ದು ಮೇಲ್ವಿಚಾರಕ ಕೂಗಿದ ಮಾತು ಅದು: ದಿ ರೆಡ್ ಈಸ್ ರನ್ನಿಂಗ್. ಅದಾದ ಮೇಲೆ ಅವರನ್ನು ಕೆಲಸದಿಂದ ತೆಗೆದು ಗೇಟಿನ ಹೊರಗೆ ಬಿಟ್ಟರು.

"ನನಗೆ ಅರ್ಥವಾದ ಮೊದಲನೇ ಇಂಗ್ಲಿಷ್ ವಾಕ್ಯ, ಮೇಡಂ. ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಕಣ್ಣೆದುರಿಗೇ ಇತ್ತು. ಬಾಯಿಮಾತು ಅಂತ ಚೀಟಿ ಬರೆದ್ರೆ ಯಾರಿಗೆ ಹೇಳಿದ್ದು ಅಂತಾನೂ ಬರೀಬೇಕಲ್ಲ. ಬರೆಯೋಕೆ ನಾಚಿಕೆಯಾಯ್ತು. ಪುಸ್ತಕ ಕಟ್ಟಿದೆ."

ಮೇಡಂ ಡ್ರಾಯರಿನಿಂದ ಒಂದು ಖಾಲಿ ಚೀಟಿ ತೆಗೆದು ಅವರಿಗೆ ಕೊಡದೆ ನನಗೆ ಕೊಟ್ಟರು. ಸಾಕ್ಷಿ ಹೇಳುವವರು ಬರೆಯುವಂತಿಲ್ಲ, ಅದೂ ನಿಯಮವೇ.

ನಾನು ವಾಕ್ಯ ಬರೆದೆ. ಯಾರು ಹೇಳಿದ್ದು? ಕಾರ್ಖಾನೆಯ ಮೇಲ್ವಿಚಾರಕ. ಎಲ್ಲಿ? ಜಾಲಾಡಿಸುವ ತೊಟ್ಟಿಯ ಬಳಿ. ಯಾವಾಗ? ವರ್ಷ, ತಿಂಗಳು, ತಾರೀಖು, ಮೂರೂ ಅವರಿಗೆ ನೆನಪಿತ್ತು. ಯಾರಿಗೆ ಎಂಬಲ್ಲಿ ನನ್ನ ಪೆನ್ನು ನಿಂತಿತು.

"ಬರಿ ತಂಗಿ," ಎಂದು ಅವರು ತಮ್ಮ ಹೆಸರು ಹೇಳಿದರು. ತಂದೆಯ ಹೆಸರನ್ನೂ ಸೇರಿಸಿ, ನಿಧಾನವಾಗಿ, ಶಾಲೆಯಲ್ಲಿ ಹಾಜರಿ ಕೂಗುವವರಂತೆ. ಪಟ್ಟಿಯಿಂದ ಅಳಿಸಿದ ಹೆಸರು. ಅದು ಅಚ್ಚಿನಲ್ಲಿ ಬರುವುದಿಲ್ಲ. ಚೀಟಿಗಳು ಬೀರುವಿನಲ್ಲೇ ಉಳಿಯುತ್ತವೆ.

ಬರೆದುದನ್ನು ಅವರು ಕನ್ನಡಕದ ಹತ್ತಿರ ಹಿಡಿದು ಎರಡು ಸಲ ಓದಿದರು. ಒಂದು ಒತ್ತಕ್ಷರ ತಿದ್ದಲು ಹೇಳಿದರು, ತಿದ್ದಿದೆ. ಬಳಿಕ ಹಿಂದಿನ ಕೋಣೆಗೆ ಹೋಗಿ ತಾವೇ ಕಾಯಿಸಿದ ಅಂಟನ್ನು ಬಟ್ಟಲಿನಲ್ಲಿ ತಂದು, ಚೀಟಿಯನ್ನು ಹಾಳೆಗೆ ಅಂಟಿಸಿ, ಮೇಲೆ ಕಬ್ಬಿಣದ ತೂಕ ಇಟ್ಟರು. ಅದು ಒಣಗುವ ತನಕ ಕುರ್ಚಿಯ ಬೆನ್ನು ಹಿಡಿದು ಅಲ್ಲಿಯೇ ನಿಂತಿದ್ದರು.