ಕೆಳಗದ್ದೆಯ ತೆನೆ

ಕಾಡಂಚಿನ ನೂಲ್ಪುಳದ ನಮ್ಮ ಬಯಲಿನಲ್ಲಿ ಎಲ್ಲರ ಭತ್ತವನ್ನೂ ಒಟ್ಟಿಗೆ ಕೊಯ್ಯುವ ದಿನವನ್ನು ಪಂಚಾಂಗ ನೋಡಿ ಗೊತ್ತು ಮಾಡುವುದಿಲ್ಲ. ಎಲ್ಲಕ್ಕಿಂತ ತಡವಾಗಿ ನಾಟಿಯಾದ ಗದ್ದೆಯಿಂದ ಒಂದು ತೆನೆ ಕಿತ್ತು ಬದುವಿನ ಮೇಲೆ ಕೈಯಿಂದ ಕೈಗೆ ದಾಟಿಸುತ್ತಾರೆ. ನಿಂತವರೆಲ್ಲ ಒಂದೊಂದು ಕಾಳು ಕಚ್ಚಿ, ಗಟ್ಟಿಯಿದ್ದರೆ ಆಗಿದೆ, ಹಾಲು ಬಂದರೆ ಆಗಿಲ್ಲ ಎನ್ನಬೇಕು. ಪ್ರತಿ ಕೊಯ್ಲಿನಲ್ಲೂ ಯಾರು ಏನೆಂದರು ಎಂದು ದಿನಚರಿಯಲ್ಲಿ ಎರಡು ಸಾಲು ಮಾಡಿ ಬರೆದಿಡುತ್ತೇನೆ. ‘ಆಗಿಲ್ಲ’ ಎಂಬ ಸಾಲಿನಲ್ಲಿ ಯಾವ ವರ್ಷವೂ ಒಬ್ಬರ ಹೆಸರೂ ಬಿದ್ದಿರಲಿಲ್ಲ.

ಕಳೆದ ಧನು ಮಾಸದಲ್ಲಿ ತೆನೆ ಕಿತ್ತದ್ದು ನಮ್ಮ ಗದ್ದೆಯಿಂದ. ಅದು ಬಯಲಿನ ಕೆಳತುದಿ, ನೀರು ನಿಲ್ಲುವ ಜಾಗ. ಇನ್ನೊಂದೆರಡು ವಾರ ನಿಂತರೆ ಅಮ್ಮನಿಗೂ ನನಗೂ ವರ್ಷದ ಅನ್ನ. ಆಗಲೇ ಕೊಯ್ದರೆ ಅರ್ಧಕ್ಕರ್ಧ ಜೊಳ್ಳು. ಆದರೆ ಕೊಯ್ಲು ಯಂತ್ರ ಮೇಲಿನ ಗದ್ದೆಗೆ ಬಂದು ನಿಂತಿತ್ತು. ಗದ್ದೆ ಸಮಿತಿಯ ಅಧ್ಯಕ್ಷರಿಗೆ ಅವಸರ.

ಬತ್ತೇರಿಯ ಕಾಲೇಜಿನಲ್ಲಿ ನಾನು ಓದುವುದು ಮನಶ್ಶಾಸ್ತ್ರ. ಆ ವಾರವಷ್ಟೇ ಗೆರೆಗಳ ಪ್ರಯೋಗದ ಪಾಠವಾಗಿತ್ತು. ಯಾವ ಗೆರೆ ಉದ್ದ ಎಂಬುದು ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಆದರೂ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಹೇಳಿದರೆ, ಏನೂ ಅರಿಯದ ಒಬ್ಬ ತಾನೂ ಎಷ್ಟೋ ಸಲ ಅದನ್ನೇ ಹೇಳುತ್ತಾನೆ. ಒಬ್ಬರಾದರೂ ಸರಿ ಹೇಳಿದರೆ ಅವನಿಗೂ ಬಾಯಿ ಬರುತ್ತದೆ. ನಾನು ನೆಚ್ಚಿದ್ದು ಈ ಕೊನೆಯ ಮಾತನ್ನು. ಅಮ್ಮ ನನ್ನ ನಂತರ ನಿಂತಿದ್ದಳು.

ಅಧ್ಯಕ್ಷರು ಕಚ್ಚಿ, “ಆಗ್ಯದೆ” ಎಂದರು. ಪಕ್ಕದ ಮನೆಯ ಮಾವ ಕಚ್ಚಿ, ಒಂದು ಗಳಿಗೆ ನಾಲಿಗೆ ಆಡಿಸಿದರು. “ಆಗ್ಯದೆ.” ಮುಂದಿನವರಲ್ಲಿ ಇಬ್ಬರು ಕಾಳನ್ನು ಬಾಯಿಗೇ ಹಾಕಲಿಲ್ಲ, ಆಗ್ಯದೆ ಎಂದದ್ದು ಮಾತ್ರ ಎಲ್ಲರಿಗಿಂತ ಜೋರಾಗಿ. ನಾನು ಕಚ್ಚಿದೆ. ಹಾಲು.

“ಆಗಿಲ್ಲ,” ಎಂದೆ.

“ಏನು ಮೋಳೆ, ಹಲ್ಲು ಹುಳ ತಿಂದದಾ?” ಮಗಳೇ ಎಂದು ಕರೆದೇ ಅಧ್ಯಕ್ಷರು ಕೇಳಿದರು.

“ಹಾಲು ಬಂತು.”

“ಬೆಳಿಗ್ಗೆ ಕುಡ್ದದ್ದು ಬಾಯಲ್ಲೇ ಉಳ್ದದೆ,” ಎಂದು ಕಾಳು ಕಚ್ಚದವರಲ್ಲೊಬ್ಬ ಅಂದ. ಬದುವಿನುದ್ದಕ್ಕೂ ನಕ್ಕರು.

ಅಧ್ಯಕ್ಷರು ನಗಲಿಲ್ಲ. “ಶೆರಿ, ನಿಂದೊಂದು ಬಿಟ್ಬುಡ್ತೀವಿ. ಪಿನ್ನೆ, ನಮ್ದೆಲ್ಲ ಕೊಯ್ದ್ ಮೇಲೆ, ಬಯಲಲ್ಲಿ ನಿಂತದ್ದು ನಿಂದೊಂದೇ ಭತ್ತ. ಬಂದ ಆನೆಗೆ ನೀನೇ ಪಾಠ ಹೇಳು. ಕಾವಲಿಗೆ ನಮ್ಮವ್ರು ಯಾರೂ ಮರದ ಅಟ್ಟ ಹತ್ತಲ್ಲ.”

ತೆನೆ ಅಮ್ಮನ ಕೈಗೆ ಬಂತು. ನಿಧಾನವಾಗಿ ಕಚ್ಚಿದಳು. ಅವಳ ಕೆಳತುಟಿಗೆ ಬಿಳಿ ಹನಿ ಹತ್ತಿದ್ದು ಕಂಡಿತು.

“ಆಗ್ಯದೆ,” ಎಂದಳು.

ಮಧ್ಯಾಹ್ನದೊಳಗೆ ನಮ್ಮ ಗದ್ದೆ ಬೋಳಾಯಿತು. ಮನೆಯ ದಾರಿಯಲ್ಲಿ ನಾನು ಅಮ್ಮನೊಂದಿಗೆ ಜಗಳಕ್ಕೆ ನಿಂತೆ. “ನಿನ್ನ ನಾಲಿಗೆ ಸತ್ತಿದೆಯಾ?”

“ಸತ್ತಿಲ್ಲ. ಆನೆ ಬಂದ್ರೆ ಕೂಗು ಹಾಕೋಕೆ ಅವ್ರೇ ಬರ್ಬೇಕು. ನಿನ್ ಪುಸ್ತಕದ ಗೆರೆ ಬತ್ತದಾ?”

ಪ್ರಯೋಗ ಮುಗಿದರೆ ಎಲ್ಲರೂ ಅವರವರ ಮನೆಗೆ ಹೋಗುತ್ತಾರೆ; ಯಾರಿಗೂ ಯಾರೂ ಬೇಕಿಲ್ಲ. ಬದುವಿನ ಮೇಲಿದ್ದವರಿಗೆ ಹೋಗಲು ಬೇರೆ ಊರಿರಲಿಲ್ಲ. ಅದು ನನಗೆ ಅರ್ಥವಾಯಿತು. ಆದರೂ ಅಮ್ಮನ ಜೊತೆ ಒಂದು ವಾರ ಮಾತು ಬಿಟ್ಟೆ. ಕಾಳು ಕಚ್ಚದ ಆ ಇಬ್ಬರು ಎದುರಾದರೆ ಈಗಲೂ ದಾರಿ ಬದಲಿಸುತ್ತೇನೆ.

ಹಲಸು ಹಣ್ಣಾಗುವ ಹೊತ್ತಿಗೆ ಪಕ್ಕದ ಮನೆಯ ಮಾವ ಬಂದು ಜಗಲಿಯಲ್ಲಿ ಕೂತರು. ಅಮ್ಮ ಗಂಜಿ ಕೊಟ್ಟಳು. ಅದೇ ಅಕ್ಕಿ, ಬೇಯುವ ಮೊದಲೇ ನುಚ್ಚಾಗುತ್ತದೆ. ಅವರು ತಟ್ಟೆಯಲ್ಲಿ ಕೈಯಾಡಿಸಿ ನನ್ನ ಕಡೆ ನೋಡಿದರು.

“ಅವತ್ತು ನಂಗೂ ಹಾಲೇ ಬಂತು ಕುಟ್ಟಿ,” ಎಂದು ಮಗುವಿಗೆ ಹೇಳುವಂತೆ ಅಂದರು.

“ಮತ್ತೆ ಆಗಿದೆ ಅಂದದ್ದು?”

“ಅಧ್ಯಕ್ಷರು ಅಂದ್ರಲ್ಲ.”

ಇಷ್ಟು ಹೇಳಿ ಅವರು ಗಂಜಿ ಹೀರಿದರು. ಆ ತಟ್ಟೆ ಕಸಿದುಕೊಳ್ಳಬೇಕೆಂದು ನಾನು ಎದ್ದೆ. ಅಷ್ಟರಲ್ಲಿ ಅಮ್ಮ ಅದಕ್ಕೆ ಇನ್ನೊಂದು ಸೌಟು ಹಾಕಿದಳು. ಹಲಸಿನ ವಾಸನೆಗೆ ಆನೆ ಅಂಗಳಕ್ಕೇ ಬರುವ ಕಾಲ. ಆ ವಾರದ ಕಾವಲು ಮಾವನದು.