ಓಲಗದ ನರಸಯ್ಯನ ತೋಡಿ

ಗುಬ್ಬಿಯ ಓಲಗದ ನರಸಯ್ಯ ಮೂವತ್ತು ವರ್ಷ ಮದುವೆಮನೆಗಳಲ್ಲಿ ನಾಗಸ್ವರ ಊದಿದ್ದರೂ ತೋಡಿ ರಾಗವನ್ನು ಒಮ್ಮೆಯೂ ಮುಗಿಸಿರಲಿಲ್ಲ. ಮದುವೆ ಕುಣಿಗಲ್ಲಿನದಾಗಲಿ, ಸಿ.ಎಸ್. ಪುರದ್ದಾಗಲಿ, ಆಲಾಪನೆ ಹದಕ್ಕೆ ಬಂದು ಮೇಲಿನ ಷಡ್ಜದ ಹತ್ತಿರ ಹೋಗುವಷ್ಟರಲ್ಲಿ ಪುರೋಹಿತರು ಬೆರಳೆತ್ತಿ "ಗಟ್ಟಿಮೇಳ" ಅನ್ನೋರು. ತಾಳಿ ಕಟ್ಟುವ ಹೊತ್ತಿನಲ್ಲಿ ಯಾರ ಸೀನೂ ಕೇಳಿಸದ ಹಾಗೆ ಅಬ್ಬರಿಸಬೇಕು. ಅದಾದ ಮೇಲೆ ಜನ ಊಟಕ್ಕೆ ಏಳುತ್ತಾರೆ. ಎಲೆಯ ಮುಂದೆ ಕೂತವರಿಗೆ ತೋಡಿ ಬೇಕಿಲ್ಲ.

೧೯೭೮ರಲ್ಲಿ ತುಮಕೂರಿನ ಸಂಗೀತ ಸಭೆಯೊಂದು ಅವನನ್ನು ಕರೆಯಿತು. ಕಾರ್ಯದರ್ಶಿ ಅನಂತರಾಮಯ್ಯ, ಇಪ್ಪತ್ತಾರರ ಗುಮಾಸ್ತ, ಸಂಗೀತ ಬಲ್ಲವನೆಂದು ಆಫೀಸಿನಲ್ಲಿ ಹೆಸರಾಗಿದ್ದ. ಸಭೆಯಲ್ಲಿ ಪಕ್ಕದವರ ಕೈ ನೋಡಿಕೊಂಡು ತಾಳ ಹಾಕುತ್ತಿದ್ದ.

"ಎಷ್ಟೊತ್ತು ನುಡಿಸ್ಬೋದು ಸ್ವಾಮಿ?"

"ನಿಮ್ಮಿಷ್ಟ ನರಸಯ್ಯನೋರೇ. ಇಲ್ಲಿ ಮುಹೂರ್ತ ಗಿಹೂರ್ತ ಏನೂ ಇಲ್ಲ."

ನರಸಯ್ಯನಿಗೆ ಎರಡು ದಿನ ಊಟ ಸೇರಲಿಲ್ಲ. ಕೊನೆಯವರೆಗೂ ಹೋಗುವಷ್ಟು ತೋಡಿ ತನಗೆ ಬರುತ್ತದೆಯೇ ಎಂಬ ಅನುಮಾನ ಹುಟ್ಟಿತು. ಮೂವತ್ತು ವರ್ಷ ಪುರೋಹಿತರನ್ನು ಬೈದುಕೊಂಡು ಬಚಾವಾಗಿದ್ದ.

ಆ ಸಂಜೆ ಆಲಾಪನೆ ಕುದುರಿತು. ಮೇಲಿನ ಷಡ್ಜ ಇನ್ನೊಂದು ಉಸಿರಿನಷ್ಟು ದೂರ ಇರುವಾಗ ಮುಂದಿನ ಸಾಲಿನಲ್ಲಿದ್ದ ಅನಂತರಾಮಯ್ಯ, ಮೈಕನ್ನು ಕೊಂಚ ಮೇಲೆತ್ತು ಎಂದು ಮೈಕಿನವನಿಗೆ ಬೆರಳೆತ್ತಿ ತೋರಿಸಿದ. ಡೋಲು ಬಾರಿಸುವ ಅಡವಿಯಪ್ಪ, ನರಸಯ್ಯನ ಬಾಮೈದ, ಬೆರಳು ಕಂಡದ್ದೇ ತಡ ಗಟ್ಟಿಮೇಳ ಶುರು ಮಾಡಿಬಿಟ್ಟ. ನರಸಯ್ಯನ ಬಾಯಿಯೂ ಕೈಗಳೂ ಅವನನ್ನು ಕೇಳದೆ ಜೊತೆಗೂಡಿದವು. ಸಭೆಯ ಹಿರಿಯ ಸದಸ್ಯೆ ಅಲಮೇಲಮ್ಮ ಅಕ್ಷತೆಗಾಗಿ ಅತ್ತಿತ್ತ ನೋಡಿದರು. ಹಿಂದಿನ ಎರಡು ಸಾಲುಗಳು ಊಟಕ್ಕೆಂಬಂತೆ ಎದ್ದು ನಿಂತವು.

"ಏನ್ಲಾ ಮಾಡ್ದೆ?" ಅಂದ ನರಸಯ್ಯ.

"ಬೆರಳೆತ್ತುದ್ರು ಕಣ್ ಭಾವ."

"ಹೆಣ್ಣೆಲ್ಲಿ, ಗಂಡೆಲ್ಲಿ, ನೋಡ್ಬಾರ್ದೇನ್ಲಾ?"

"ನಾನ್ಯಾವತ್ತು ಹೆಣ್ಣು ಗಂಡು ನೋಡಿದೀನಿ? ನೀನು ನೋಡಿದ್ಯಾ?"

ಮೈಕು ಅಷ್ಟು ಹೊತ್ತಿಗೆ ಸರಿಯಾದ ಎತ್ತರಕ್ಕೆ ಬಂದಿದ್ದರಿಂದ ಇದಿಷ್ಟೂ ಎಲ್ಲರಿಗೂ ಕೇಳಿಸಿತು.

ತಾನು ಈಗ ಎದ್ದು ಹೋದರೂ ತಪ್ಪು ಅನಂತರಾಮಯ್ಯನದೇ. ಅದು ನರಸಯ್ಯನಿಗೆ ಹೊಳೆಯಿತು. ಒಂದು ಗಳಿಗೆ ಹಿತವಾಗಿಯೂ ಇತ್ತು. ಆಮೇಲೆ ಮೈಕಿನತ್ತ ಬಾಗಿ, "ತಾಳಿ ಯಾರಿಗೂ ಕಟ್ಟಿಲ್ಲ. ಊಟಾನೂ ಇಲ್ಲ. ಕೂತ್ಕೊಳಿ ಸ್ವಾಮಿ," ಅಂದ.

ಕೂತರು. ಅನಂತರಾಮಯ್ಯ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ನರಸಯ್ಯ ತಳದಿಂದ ಮತ್ತೆ ಎತ್ತಿಕೊಂಡ. ಷಡ್ಜ ಮುಟ್ಟಿ, ಅದರಾಚೆಗೂ ಹೋಗಿ, ಎರಡು ಕಡೆ ದಾರಿ ತಪ್ಪಿ, ಮುಕ್ಕಾಲು ಗಂಟೆಯ ಮೇಲೆ ಕೆಳಗಿಳಿದು ನಿಂತ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮತ್ತೆ ಶುರುವಾದರೆ ಎಂದು ಕಾದರು.

"ಮುಗೀತಾ ನರಸಯ್ಯನೋರೇ?" ಅಂದ ಅನಂತರಾಮಯ್ಯ, ಮೆಲ್ಲಗೆ.

ನರಸಯ್ಯ ಕತ್ತಿನ ಬೆವರು ಒರೆಸಿಕೊಂಡ.

"ನಾನೂ ಇದೇ ಮೊದ್ಲು ಕೇಳ್ತಿರೋದು ಸ್ವಾಮಿ. ಮುಗ್ದಂಗೈತೆ."